ಮಗನಿಗೆ 16 ತುಂಬುತ್ತಿದೆ: ಡಿಎಲ್‌ಎಯಿಂದ ಪಿಪ್‌ಗೆ ಹೋಗುವಾಗ ಹಣ ನಿಲ್ಲುತ್ತದೆಯೇ? (ಇಂಗ್ಲೆಂಡ್)

ಡರ್ಬಿ_ದಾವಣಗೆರೆ:
ಅಕ್ಕನ ಮಗನಿಗೆ ಆಟಿಸಂ. 4ನೇ ವಯಸ್ಸಿನಿಂದ ಡಿಎಲ್‌ಎ (ಅಂಗವೈಕಲ್ಯವಿರುವ ಮಕ್ಕಳಿಗೆ ಸರ್ಕಾರ ಕೊಡುವ ಭತ್ಯೆ) ಬರುತ್ತಿದೆ. ಕೇರ್ (ಆರೈಕೆ) ಮಧ್ಯಮ ದರ, ಮೊಬಿಲಿಟಿ (ಓಡಾಟ) ಕೆಳದರ. ಎಲ್ಲರಿಗೂ ಐಎಲ್‌ಆರ್ (ಇಲ್ಲೇ ಕಾಯಂ ನೆಲೆಸುವ ಅನುಮತಿ) ಆಗಿದೆ. ಮಾರ್ಚ್‌ನಲ್ಲಿ 16 ತುಂಬುತ್ತದೆ, ಆಮೇಲೆ ಡಿಎಲ್‌ಎ ಬದಲು ಪಿಪ್ (ದೊಡ್ಡವರಿಗಿರುವ ಅದೇ ಬಗೆಯ ಭತ್ಯೆ) ಕೇಳಬೇಕಂತೆ. ಅಪಾಯಿಂಟಿ (ಅವನ ಪರವಾಗಿ ಅರ್ಜಿ, ಹಣ ನೋಡಿಕೊಳ್ಳುವವರು) ಬೇಕೇ ಎಂದು ಕೇಳಿ ಡಿಡಬ್ಲ್ಯೂಪಿಯಿಂದ (ಭತ್ಯೆ ಕೊಡುವ ಸರ್ಕಾರಿ ಇಲಾಖೆ) ಕಾಗದ ಬಂದಿದೆ. ಅಕ್ಕನಿಗೆ ಕೇರರ್ಸ್ ಅಲೊವೆನ್ಸ್ (ಅವನನ್ನು ನೋಡಿಕೊಳ್ಳುವುದಕ್ಕೆ ಬರುವ ಭತ್ಯೆ) ಮತ್ತು ಯೂನಿವರ್ಸಲ್ ಕ್ರೆಡಿಟ್ (ಕಡಿಮೆ ಆದಾಯದವರಿಗೆ ಸಿಗುವ ನೆರವು) ಇದೆ. ಕೇಳಬೇಕಾದ್ದು ಮೂರು. ಹುಟ್ಟಿದ ದಿನಕ್ಕೇ ಡಿಎಲ್‌ಎ ನಿಂತುಹೋಗುತ್ತಾ? ಹಳೇ ಡಿಎಲ್‌ಎ ಫಾರಂನ ಪ್ರತಿ ಇದೆ, ಅದನ್ನೇ ನೋಡಿಕೊಂಡು ಪಿಪ್ ಫಾರಂ ತುಂಬಬಹುದಾ? ಬೇಸಿಗೆ ರಜೆಗೆ ಆರು ವಾರ ಊರಿಗೆ ಹೋಗುವ ಯೋಚನೆ ಇದೆ, ತೊಂದರೆ ಆಗುತ್ತಾ?

ಲೆಸ್ಟರ್_ಲಲಿತಕ್ಕ:
ಹುಟ್ಟಿದ ದಿನಕ್ಕೆ ನಿಲ್ಲುವುದಿಲ್ಲ. 16 ತುಂಬುವ ಹೊತ್ತಿಗೆ ಪಿಪ್‌ಗೆ ಅರ್ಜಿ ಹಾಕಿ ಎಂದು ಇನ್ನೊಂದು ಕಾಗದ ಬರುತ್ತದೆ, ಅದರಲ್ಲಿ ಕೊನೇ ದಿನಾಂಕ ಇರುತ್ತದೆ. ಆ ದಿನದೊಳಗೆ ಫೋನ್ ಮಾಡಿ ಅರ್ಜಿ ಶುರು ಮಾಡಿದರೆ ಪಿಪ್ ತೀರ್ಮಾನ ಆಗುವವರೆಗೂ ಡಿಎಲ್‌ಎ ಬರುತ್ತಲೇ ಇರುತ್ತದೆ. ದಿನಾಂಕ ಮೀರಿದರೆ ಡಿಎಲ್‌ಎ ತಡೆಹಿಡಿಯುತ್ತಾರೆ. ಫೋನ್ ಆದ ಮೇಲೆ ದೊಡ್ಡ ಫಾರಂ ಬರುತ್ತದೆ, ವಾಪಸ್ ಕಳಿಸಲು ಒಂದು ತಿಂಗಳು. ಆ ತಿಂಗಳು ಎಣಿಸುವುದು ಕಾಗದದ ಮೇಲಿನ ದಿನಾಂಕದಿಂದ, ಪೋಸ್ಟ್ ನಿಮ್ಮ ಕೈಗೆ ಬಂದ ದಿನದಿಂದ ಅಲ್ಲ. ಸಾಲದಿದ್ದರೆ ಗಡುವು ಮುಗಿಯುವ ಮೊದಲೇ ಫೋನ್ ಮಾಡಿ ಹೆಚ್ಚಿನ ಸಮಯ ಕೇಳಿ.

ತೀರ್ಮಾನ ಬಂದ ಮೇಲೆ ಮುಂದಿನ ಡಿಎಲ್‌ಎ ಹಣ ಬರುವ ದಿನ ಇದೆಯಲ್ಲ, ಅಲ್ಲಿಂದ 4 ವಾರಕ್ಕೆ ಡಿಎಲ್‌ಎ ಮುಗಿಯುತ್ತದೆ, ಮರುದಿನದಿಂದ ಪಿಪ್. ಹೆಚ್ಚಿನ ದರ ಸಿಕ್ಕರೂ ಹಿಂದಿನ ಬಾಕಿ ಕೊಡುವುದಿಲ್ಲ. ಹಾಗಾಗಿ ದರ ಏರುವ ಲಕ್ಷಣ ಇದ್ದರೆ ಎಳೆದಾಡಬೇಡಿ. ಫಾರಂ ಕಳಿಸದೇ ಇದ್ದರೆ ಅಥವಾ ಅಸೆಸ್‌ಮೆಂಟ್ ತಪ್ಪಿಸಿದರೆ ಈ 4 ವಾರದ ರಿಯಾಯಿತಿಯೂ ಪೂರ್ತಿ ಸಿಗದು.

2025-26ರಲ್ಲಿ ಪಿಪ್ ದರ ವಾರಕ್ಕೆ ಹೀಗಿತ್ತು: ಡೈಲಿ ಲಿವಿಂಗ್ (ದಿನನಿತ್ಯದ ಬದುಕಿನ ಭಾಗ) ಸ್ಟ್ಯಾಂಡರ್ಡ್ 73.90 ಪೌಂಡ್, ಎನ್‌ಹಾನ್ಸ್ಡ್ (ಮೇಲಿನ ದರ) 110.40. ಮೊಬಿಲಿಟಿ ಸ್ಟ್ಯಾಂಡರ್ಡ್ 29.20, ಎನ್‌ಹಾನ್ಸ್ಡ್ 77.05. ಆ ವರ್ಷದ ದರದಲ್ಲಿ ನಿಮ್ಮ ಹುಡುಗನ ಡಿಎಲ್‌ಎಯ 103.10 ಪೌಂಡೂ, ಪಿಪ್‌ನ ಎರಡೂ ಸ್ಟ್ಯಾಂಡರ್ಡ್ ದರ ಸೇರಿದರೆ ಆಗುವುದೂ ಒಂದೇ ಮೊತ್ತ. ಡೈಲಿ ಲಿವಿಂಗ್ ಕೈತಪ್ಪಿದರೆ ಮಾತ್ರ ಪೆಟ್ಟು ದೊಡ್ಡದು. ಅಕ್ಕನ ಕೇರರ್ಸ್ ಅಲೊವೆನ್ಸ್ ನಿಂತಿರುವುದು ಅದರ ಮೇಲೆಯೇ, ಯೂನಿವರ್ಸಲ್ ಕ್ರೆಡಿಟ್‌ನಲ್ಲಿರುವ ಕೇರರ್ ಭಾಗವೂ ಅದರ ಜೊತೆಗೇ ಹೋಗುತ್ತದೆ.

ಅಪಾಯಿಂಟಿ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. 16 ಆದ ಮೇಲೆ ಕಾನೂನಿನ ಪ್ರಕಾರ ಅರ್ಜಿದಾರ ಹುಡುಗನೇ. ಕಾಗದಪತ್ರ, ಬ್ಯಾಂಕು ಅವನಿಂದ ಆಗದಿದ್ದರೆ ಅಪಾಯಿಂಟಿ ಬೇಕು ಎಂದು ಈಗಲೇ ಹೇಳಿ. 'ಅವನೇ ನೋಡಿಕೊಳ್ಳುತ್ತಾನೆ' ಎಂದು ಈ ಕಾಗದಕ್ಕೆ ಉತ್ತರ ಕೊಟ್ಟು, ಆಮೇಲೆ ಫಾರಂನಲ್ಲಿ ದುಡ್ಡಿನ ಲೆಕ್ಕ ಅವನಿಗೆ ಹತ್ತುವುದಿಲ್ಲ ಎಂದು ಬರೆದರೆ ಎರಡೂ ತಾಳೆಯಾಗುವುದಿಲ್ಲ.

ಕೋವೆಂಟ್ರಿ_ಕಾಫಿಪುಡಿ:
ಎರಡನೇ ಪ್ರಶ್ನೆಗೆ: ಹಳೇ ಫಾರಂ ಎತ್ತಿಡಿ. ನಕಲು ಮಾಡಿದರೆ ಕೆಡುವುದು ಅಲ್ಲೇ.

ಮಕ್ಕಳ ಡಿಎಲ್‌ಎ ಕೇಳುವುದು ಒಂದೇ ಮಾತು: ಅದೇ ವಯಸ್ಸಿನ ಬೇರೆ ಮಕ್ಕಳಿಗಿಂತ ಎಷ್ಟು ಹೆಚ್ಚು ನೋಡಿಕೊಳ್ಳಬೇಕು? ಪಿಪ್‌ನಲ್ಲಿ ಆ ಹೋಲಿಕೆಯೇ ಇಲ್ಲ. ಅಲ್ಲಿರುವುದು ಗೊತ್ತುಮಾಡಿದ 12 ಕೆಲಸ, ಡೈಲಿ ಲಿವಿಂಗ್‌ಗೆ 10, ಮೊಬಿಲಿಟಿಗೆ 2. ಒಂದೊಂದರಲ್ಲೂ ಅವನಿಗೆ ಒಪ್ಪುವ ಅತಿ ಹೆಚ್ಚಿನ ಅಂಕ ಒಂದೇ ಲೆಕ್ಕಕ್ಕೆ. 8 ಬಂದರೆ ಸ್ಟ್ಯಾಂಡರ್ಡ್, 12 ಬಂದರೆ ಎನ್‌ಹಾನ್ಸ್ಡ್. ರಾತ್ರಿ ಎದ್ದು ಕಾಯುವುದಕ್ಕೆ ಡಿಎಲ್‌ಎಯಲ್ಲಿ ಬೆಲೆ ಇತ್ತು. ಪಿಪ್‌ನಲ್ಲಿ ರಾತ್ರಿಗೆ ಅಂತ ಬೇರೆ ಅಂಕವಿಲ್ಲ. ಹಳೇ ಫಾರಂನ ಅರ್ಧ ಪುಟ ನಿದ್ದೆಯ ಬಗ್ಗೆಯೇ ಇದ್ದರೆ ಅದು ಇಲ್ಲಿ ಹೆಚ್ಚು ಕೆಲಸಕ್ಕೆ ಬಾರದು.

ಅಡುಗೆಯನ್ನೇ ತೆಗೆದುಕೊಳ್ಳಿ. ಒಬ್ಬರಿಗಾಗುವಷ್ಟು ಸರಳ ಊಟವನ್ನು ತಾಜಾ ಪದಾರ್ಥದಿಂದ ಒಲೆಯ ಮೇಲೆ ಮಾಡಬಲ್ಲನೇ ಎಂಬುದು ಪ್ರಶ್ನೆ. 'ಅಡುಗೆ ಬರುವುದಿಲ್ಲ' ಎಂದು ಬರೆದರೆ 16ರ ಯಾವ ಹುಡುಗನಿಗೆ ಬರುತ್ತದೆ ಎನ್ನುತ್ತಾರೆ. ಉಪ್ಪಿಟ್ಟು ಮಾಡಲು ನಿಲ್ಲಿಸಿದರೆ ಏನಾಗುತ್ತದೆ ಬರೆಯಿರಿ: ಎಣ್ಣೆ ಕಾಯಲು ಇಟ್ಟು ಟ್ಯಾಬ್ ಹುಡುಕಿಕೊಂಡು ಆಚೆ ಹೋಗುತ್ತಾನೆ, ಸಾಸಿವೆ ಸೀದು ಹೊಗೆ ಅಲಾರಂ ಹೊಡೆದುಕೊಂಡರೆ ಒಲೆ ಆರಿಸುವ ಬದಲು ಕಿವಿ ಮುಚ್ಚಿಕೊಂಡು ಕೋಣೆ ಸೇರುತ್ತಾನೆ, ಹೀಗೆ ವಾರದಲ್ಲಿ ಎಷ್ಟು ಸಲ. ನೆನಪಿಸಿದರೆ ಸಾಕು ಎನ್ನುವಂತಿದ್ದರೆ 2 ಅಂಕ. ಅಪಾಯವಾಗದಂತೆ ಉದ್ದಕ್ಕೂ ಒಬ್ಬರು ಪಕ್ಕದಲ್ಲಿ ನಿಲ್ಲಲೇಬೇಕು ಎಂದರೆ 4. ಸುಮ್ಮನೆ 'ಸಹಾಯ ಮಾಡುತ್ತೇವೆ' ಎಂದು ಬರೆದರೆ ಎರಡರಲ್ಲಿ ಯಾವುದೆಂದು ಓದುವವರಿಗೆ ತಿಳಿಯುವುದಿಲ್ಲ, ಕಡಿಮೆಯದ್ದನ್ನೇ ಕೊಡುತ್ತಾರೆ.

ಸ್ನಾನಕ್ಕೆ ಹೇಳಿ ಹೇಳಿ ಕಳಿಸಬೇಕಾದರೆ 2, ಬಟ್ಟೆಗೂ ಹಾಗೇ ಆದರೆ 2. ಜನರೊಡನೆ ಬೆರೆಯಲು ಅನುಭವವಿರುವವರ ಆಸರೆ ಬೇಕಾದರೆ 4. ಆ ಅನುಭವಸ್ಥರು ಮನೆಯವರೂ ಆಗಬಹುದು ಎಂದು 2019ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಹೇಳಿದೆ. 'ಅಮ್ಮ ಜೊತೆಗಿರುತ್ತಾಳೆ ಅಷ್ಟೇ' ಎಂದು ಬರೆಯದೆ, ಅಮ್ಮ ಏನು ಮಾಡುತ್ತಾಳೆ, ಬೇರೆ ನೆಂಟರು ಮಾಡಿದರೆ ಯಾಕೆ ಆಗುವುದಿಲ್ಲ ಎಂದು ಬರೆಯಿರಿ. ಅಡುಗೆಯ 4 ಸೇರಿಸಿದರೆ ಇಷ್ಟಕ್ಕೇ 12. ಡಿಎಲ್‌ಎಯಲ್ಲಿ ಮಧ್ಯಮ ದರದಲ್ಲಿದ್ದವರು ಇಲ್ಲಿ ಮೇಲಿನ ದರಕ್ಕೆ ಹೋಗುವುದೂ ಉಂಟು, ಹಳೇ ದರ ನೋಡಿ ಆಸೆ ಕಡಿಮೆ ಇಟ್ಟುಕೊಳ್ಳಬೇಡಿ.

ಓಡಾಟಕ್ಕೆ: ಗೊತ್ತಿಲ್ಲದ ದಾರಿಯನ್ನು ಜೊತೆ ಇಲ್ಲದೆ ಹಿಡಿಯಲಾರ ಎಂದರೆ 10 ಅಂಕ, ದಿನಾ ಹೋಗುವ ಶಾಲೆಯ ದಾರಿಗೂ ಜೊತೆ ಬೇಕೆಂದರೆ 12. ಬಸ್ ನಂಬರ್ ಬದಲಾದರೆ, ರಸ್ತೆ ಅಗೆದಿದ್ದರೆ ಏನು ಮಾಡುತ್ತಾನೆ ಎಂಬುದು ಇಲ್ಲಿ ಮುಖ್ಯ.

ಯಾವ ಕೆಲಸವೇ ಆಗಲಿ, ಸುರಕ್ಷಿತವಾಗಿ, ಒಪ್ಪುವ ಮಟ್ಟಕ್ಕೆ, ಬೇಕೆಂದಾಗಲೆಲ್ಲ, ಸಾಮಾನ್ಯರಿಗೆ ಹಿಡಿಯುವ ಗರಿಷ್ಠ ಸಮಯದ ಎರಡು ಪಟ್ಟಿನೊಳಗೆ ಮಾಡಿದರೆ ಮಾತ್ರ 'ಮಾಡಬಲ್ಲ' ಎಂದು ಅರ್ಥ. ತೊಂದರೆ ಅರ್ಧಕ್ಕಿಂತ ಹೆಚ್ಚು ದಿನಗಳಲ್ಲಿ ಇರಬೇಕು.

ದಾಖಲೆಗೆ ಇಎಚ್‌ಸಿಪಿ (ವಿಶೇಷ ಅಗತ್ಯವಿರುವ ಮಕ್ಕಳ ಶಿಕ್ಷಣ, ಆರೈಕೆಯ ಯೋಜನೆ), ಸ್ಪೀಚ್ ಥೆರಪಿಸ್ಟ್ ವರದಿ, ಶಾಲೆಯ ಸಹಾಯಕರ ಪತ್ರ ಕಳಿಸಿ. ಜಿಪಿ (ಸ್ಥಳೀಯ ವೈದ್ಯರು) ಅವನನ್ನು ವರ್ಷಕ್ಕೊಮ್ಮೆ ನೋಡಿದ್ದರೆ ಆ ಪತ್ರದಿಂದ ಲಾಭ ಕಡಿಮೆ. ಮೂಲ ಪ್ರತಿ ಕಳಿಸಬೇಡಿ. ಪ್ರತಿ ಹಾಳೆಯ ಮೇಲೆ ಹೆಸರು, ನ್ಯಾಷನಲ್ ಇನ್ಶೂರೆನ್ಸ್ ನಂಬರ್ (ತೆರಿಗೆ, ಭತ್ಯೆಗೆ ಬಳಸುವ ಅವನ ಗುರುತಿನ ಸಂಖ್ಯೆ) ಬರೆಯಿರಿ.

ಡರ್ಬಿ_ದಾವಣಗೆರೆ:
ತುಂಬಾ ಥ್ಯಾಂಕ್ಸ್. ಇನ್ನೊಂದು. ಹುಡುಗ ಏನು ಕೇಳಿದರೂ 'ಯೆಸ್' ಅಂದುಬಿಡುತ್ತಾನೆ. ಅಸೆಸ್‌ಮೆಂಟ್‌ನಲ್ಲಿ ಅವನನ್ನೇ ಕೇಳುತ್ತಾರಂತೆ? ಒಂದು ಕೆಲಸದಲ್ಲಾದರೂ 4 ಅಂಕ ಬರಲೇಬೇಕು ಅಂತಲೂ ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ.

ರೆಡಿಂಗ್_ರಾಗಿಮುದ್ದೆ:
4 ಅಂಕದ ಪ್ರಸ್ತಾಪವನ್ನು 2025ರ ಜುಲೈನಲ್ಲಿ ಸರ್ಕಾರವೇ ಮಸೂದೆಯಿಂದ ತೆಗೆದುಹಾಕಿತು. ಅದು ಹಳೇ ಫಾರ್ವರ್ಡ್.

ಅಸೆಸ್‌ಮೆಂಟ್ ಫೋನಿನಲ್ಲಿ, ವಿಡಿಯೋದಲ್ಲಿ ಅಥವಾ ಮುಖಾಮುಖಿ ಇರಬಹುದು, ದಾಖಲೆ ಸಾಕಷ್ಟಿದ್ದರೆ ಕಾಗದದ ಮೇಲೇ ಮುಗಿಸುವುದೂ ಇದೆ. ಅಮ್ಮ ಜೊತೆಗೆ ಕೂರಬಹುದು, ಮಾತಾಡಬಹುದು. ಯೆಸ್ ಅನ್ನುವ ಅಭ್ಯಾಸವನ್ನು ಫಾರಂನಲ್ಲೇ ಬರೆದಿಡಿ, ಶಾಲೆಯ ಪತ್ರದಲ್ಲೂ ಅದು ಬರಲಿ. 'ಬಸ್ಸಲ್ಲಿ ಒಬ್ಬನೇ ಹೋಗ್ತೀಯಾ?' 'ಯೆಸ್' ಎಂದಾಗ ಅಕ್ಕ ತಡೆದು, 'ಕೊನೇ ಸಲ ಒಬ್ಬನೇ ಹೋಗಿದ್ದು ಯಾವಾಗ ಅಂತ ಕೇಳಿ' ಎನ್ನಬೇಕು. ಅಕ್ಕನಿಗೆ ಇಂಗ್ಲಿಷ್‌ನಲ್ಲಿ ವಿವರ ಹೇಳುವುದು ಕಷ್ಟವಾದರೆ ದುಭಾಷಿ ಬೇಕೆಂದು ಮೊದಲ ಫೋನಿನಲ್ಲೇ ಹೇಳಿ.

ಅಂಕ ಕಡಿಮೆ ಬಂದರೆ ಮೊದಲು ಅಸೆಸ್‌ಮೆಂಟ್ ವರದಿಯ ಪ್ರತಿ ಕೇಳಿ ತರಿಸಿ. ತೀರ್ಮಾನದ ದಿನಾಂಕದಿಂದ ಒಂದು ತಿಂಗಳೊಳಗೆ ಮ್ಯಾಂಡೇಟರಿ ರೀಕನ್ಸಿಡರೇಷನ್ (ಇಲಾಖೆಯೇ ತನ್ನ ತೀರ್ಮಾನ ಮತ್ತೆ ಪರಿಶೀಲಿಸುವುದು) ಕೇಳಬೇಕು. 'ಅನ್ಯಾಯ ಆಗಿದೆ' ಎಂದಲ್ಲ, ಯಾವ ಕೆಲಸಕ್ಕೆ ಎಷ್ಟು ಅಂಕ ಬರಬೇಕಿತ್ತು, ಯಾವ ದಾಖಲೆಯ ಎಷ್ಟನೇ ಪುಟದಲ್ಲಿದೆ ಎಂದು. ಅಲ್ಲೂ ಆಗದಿದ್ದರೆ ಆ ಉತ್ತರ ಬಂದ ಒಂದು ತಿಂಗಳೊಳಗೆ ಟ್ರಿಬ್ಯುನಲ್‌ಗೆ ಮೇಲ್ಮನವಿ. ಟ್ರಿಬ್ಯುನಲ್ ಇರುವುದನ್ನೂ ಇಳಿಸಬಹುದು, ಅದಕ್ಕೇ ಒಂದು ಭಾಗ ಸಿಕ್ಕಿದ್ದಾಗ ಸಿಟಿಜನ್ಸ್ ಅಡ್ವೈಸ್‌ನವರನ್ನು (ಉಚಿತ ಸಲಹಾ ಸಂಸ್ಥೆ) ಕೇಳಿಕೊಂಡು ಮುಂದೆ ಹೋಗುವುದು ಒಳ್ಳೆಯದು.

ಲೆಸ್ಟರ್_ಲಲಿತಕ್ಕ:
ಊರಿನ ಪ್ರಶ್ನೆ ಉಳಿದುಹೋಯಿತು. ಪಿಪ್‌ಗೆ 13 ವಾರದವರೆಗೆ ಹೊರದೇಶದಲ್ಲಿದ್ದರೂ ತೊಂದರೆಯಿಲ್ಲ, ಆದರೆ 4 ವಾರಕ್ಕಿಂತ ಹೆಚ್ಚಾದರೆ ಮೊದಲೇ ತಿಳಿಸಬೇಕು. ಆರು ವಾರ ಎಂದರೆ ಸಿಕ್ಕಿಹಾಕಿಕೊಳ್ಳುವುದು ಯೂನಿವರ್ಸಲ್ ಕ್ರೆಡಿಟ್‌ನಲ್ಲಿ. ಅದರಲ್ಲಿ ಸಾಮಾನ್ಯ ಪ್ರವಾಸಕ್ಕೆ ಒಂದು ತಿಂಗಳೇ ಮಿತಿ. ಒಂದು ತಿಂಗಳು ಮೀರುವ ಉದ್ದೇಶದಿಂದಲೇ ಟಿಕೆಟ್ ಮಾಡಿದ್ದರೆ ಹೊರಟ ದಿನದಿಂದಲೇ ಹಕ್ಕು ಹೋಗುತ್ತದೆ, ಕೊನೇ ಎರಡು ವಾರಕ್ಕೆ ಮಾತ್ರ ಅಲ್ಲ. ಟಿಕೆಟ್ ನಾಲ್ಕು ವಾರದೊಳಗೆ ಮಾಡಲು ಹೇಳಿ, ಫಾರಂ ಅಥವಾ ಅಸೆಸ್‌ಮೆಂಟ್ ಕಾಗದ ಬರುವ ತಿಂಗಳಲ್ಲಿ ಮನೆಗೆ ಬರುವ ಪೋಸ್ಟ್ ತೆರೆದು ಓದಲು ಯಾರನ್ನಾದರೂ ಒಪ್ಪಿಸಿ ಹೋಗಲಿ.

ನ್ಯಾಷನಲ್ ಇನ್ಶೂರೆನ್ಸ್ ನಂಬರ್ 16ಕ್ಕೆ ಸ್ವಲ್ಪ ಮೊದಲು ತಾನಾಗಿ ಬರುವುದು ಚೈಲ್ಡ್ ಬೆನಿಫಿಟ್‌ಗೆ (ಮಕ್ಕಳಿರುವವರಿಗೆ ಸಿಗುವ ಭತ್ಯೆ) ಅರ್ಜಿ ಹಾಕಿದ್ದವರ ಮಕ್ಕಳಿಗೆ. ಸಂಬಳ ಜಾಸ್ತಿ ಎಂದು ಆ ಅರ್ಜಿಯನ್ನೇ ಹಾಕದ ನಮ್ಮವರು ಬಹಳ ಇದ್ದಾರೆ. ಅವರು ನಂಬರ್‌ಗೆ ಬೇರೆಯಾಗಿ ಅರ್ಜಿ ಹಾಕಬೇಕಾಗುತ್ತದೆ. ಸ್ಕಾಟ್ಲೆಂಡ್‌ನಲ್ಲಿರುವವರಿಗೆ ಇಲ್ಲಿ ಹೇಳಿದ ಡಿಎಲ್‌ಎ, ಪಿಪ್ ಗಡುವುಗಳು ಅನ್ವಯಿಸುವುದಿಲ್ಲ, ಅಲ್ಲಿ ಚೈಲ್ಡ್ ಡಿಸೆಬಿಲಿಟಿ ಪೇಮೆಂಟ್ 18ರವರೆಗೂ ಮುಂದುವರಿಯಬಹುದು, ಆಮೇಲಿನದು ಅಡಲ್ಟ್ ಡಿಸೆಬಿಲಿಟಿ ಪೇಮೆಂಟ್.