ಕ್ಯೋಟೊ ತಿರುಗಿಸಿದ್ರೆ ಟೋಕ್ಯೋ ಆಗಲ್ಲ ದೊಡ್ಡಪ್ಪ

"ಮನೆಮಂದಿ" ಗುಂಪು, ಭಾನುವಾರ ಬೆಳಿಗ್ಗೆ

ದೊಡ್ಡಪ್ಪ (ಫಾರ್ವರ್ಡ್): ನಿಮಗೆ ಗೊತ್ತೇ? ಕ್ಯೋಟೋ ಹೆಸರನ್ನು ತಿರುಗಿಸಿ ಓದಿದರೆ ಟೋಕ್ಯೋ! ಎರಡಕ್ಕೂ ಒಂದೇ ಅರ್ಥ!! ಜಪಾನಿನ ಊರುಗಳ ಹೆಸರೆಲ್ಲವೂ ಸಂಸ್ಕೃತ ಮೂಲದವು. ನಾರಾ ಎಂದರೆ ನಾರಾಯಣ. ಒಸಾಕಾ ಎಂದರೆ ಓಂ ಸಖ. ಸಪ್ಪೋರೋ ಎಂದರೆ ಸಪ್ತಪುರ. ಪ್ರತಿಯೊಬ್ಬ ಭಾರತೀಯನಿಗೂ ತಲುಪಿಸಿ 🙏

ಚಿಕ್ಕಮ್ಮ: ಅಬ್ಬಾ ಇದು ಗೊತ್ತೇ ಇರ್ಲಿಲ್ಲ ಭಾವ

ಮಾವ: ಸೂಪರ್

ಅಣ್ಣ: ಪುಟ್ಟಿ ಟೋಕ್ಯೋದಲ್ಲೇ ಇದಾಳಲ್ಲ, ಕೇಳಿ

ನಾನು: ದೊಡ್ಡಪ್ಪ ಬೇಜಾರ್ ಮಾಡ್ಕೋಬೇಡಿ. ಇದ್ರಲ್ಲಿ ಅರ್ಧ ಮಾತು ಮಾತ್ರ ನಿಜ. ಟೋಕ್ಯೋದಲ್ಲಿರೋ ಕ್ಯೋನೂ ಕ್ಯೋಟೊದಲ್ಲಿರೋ ಕ್ಯೋನೂ ಒಂದೇ ಅಕ್ಷರ, ರಾಜಧಾನಿ ಅಂತ ಅರ್ಥ, ಅಷ್ಟು ಸರಿ. ಆದ್ರೆ ಟೋ ಬೇರೆ ಟೊ ಬೇರೆ. ಟೋಕ್ಯೋದ ಟೋ ದೀರ್ಘ, ಪೂರ್ವ ಅಂತ ಅರ್ಥ, ಪೂರ್ವದ ರಾಜಧಾನಿ. ಕ್ಯೋಟೊದ ಟೊ ಹ್ರಸ್ವ, ಅದೂ ರಾಜಧಾನಿನೇ, ಅಂದ್ರೆ ರಾಜಧಾನಿ ರಾಜಧಾನಿ ಅಂತ ಎರಡು ಸಲ ಹೇಳಿದ ಹಾಗೆ. ಇಂಗ್ಲಿಷಲ್ಲಿ ಹ್ರಸ್ವ ದೀರ್ಘ ತೋರ್ಸದೆ ಬರೀತಾರಲ್ಲ ಅದಕ್ಕೆ ತಿರುಗಿಸಿದ ಹಾಗೆ ಕಾಣುತ್ತೆ. ನಮ್ಮ ಲಿಪೀಲಿ ಒ ಬೇರೆ ಓ ಬೇರೆ ಇದೆ, ಸರಿಯಾಗಿ ಬರೆದ್ರೆ ಟೋಕ್ಯೋ, ಕ್ಯೋಟೊ, ತಿರುಗಿಸೋಕೇ ಆಗಲ್ಲ

ದೊಡ್ಡಪ್ಪ: ಒಂದು ಹ್ರಸ್ವ ದೀರ್ಘಕ್ಕೆ ಇಷ್ಟು ವಾದವಾ

ನಾನು: ನೀವೇ ಅಲ್ವಾ ದೊಡ್ಡಪ್ಪ ನಂಗೆ ಕೊಡೆಗೂ ಕೋಡಿಗೂ ವ್ಯತ್ಯಾಸ ಗೊತ್ತಾಗಲ್ವಾ ಅಂತ ಕಾಪಿ ಬರ್ಸಿದ್ದು

ದೊಡ್ಡಪ್ಪ: ಅದು ಬೇರೆ. ನಾನು 34 ವರ್ಷ ಕನ್ನಡ ಪಾಠ ಮಾಡಿದೀನಿ. ನೀನು ಕಂಪ್ಯೂಟರ್ ಓದಿದವಳು. ಬೌದ್ಧ ಧರ್ಮ ಇಲ್ಲಿಂದ ಹೋಗಿದೆ, ದೇವರು ಇಲ್ಲಿಂದ ಹೋಗಿದಾರೆ, ಊರಿನ ಹೆಸರು ಮಾತ್ರ ಹೋಗಿಲ್ವಾ? ಹೊರದೇಶದಲ್ಲಿ ಕೂತ್ಕೊಂಡು ನಮ್ಮದನ್ನ ಸಣ್ಣದು ಮಾಡೋದು ಒಂದು ಅಭ್ಯಾಸ ಆಗಿದೆ ಈಗಿನವರಿಗೆ

ಅತ್ತೆ: ಅಣ್ಣ ಬೆಳಿಗ್ಗೆ ಬೆಳಿಗ್ಗೆ ಬೇಡ

ನಾನು: ಸಣ್ಣದು ಮಾಡ್ತಿಲ್ಲ ದೊಡ್ಡಪ್ಪ. ಆರು ವರ್ಷದಿಂದ ಇಲ್ಲಿದೀನಿ, ದಿನಾ ಈ ಬೋರ್ಡ್‌ಗಳನ್ನ ಓದ್ಕೊಂಡೇ ಓಡಾಡ್ತೀನಿ. ನಾನಿರೋ ಏರಿಯಾನೇ ತಗೊಳಿ, ನಿಶಿಕಸಾಯ್. ಕತ್ಸುಶಿಕ ಅಂತ ಹಳೇ ಜಿಲ್ಲೆ ಒಂದಿತ್ತು, ಅದರ ಪಶ್ಚಿಮ ಭಾಗಕ್ಕೆ ಕಸಾಯ್ ಅಂದ್ರು, ಕೊನೇಲಿರೋ ಸಾಯ್ ಅಂದ್ರೆ ಪಶ್ಚಿಮ. ಆಮೇಲೆ ಕಸಾಯ್‌ಗೂ ಪಶ್ಚಿಮಕ್ಕೆ ಇನ್ನೊಂದು ಸ್ಟೇಷನ್ ಬಂತು, ಅದು ನಿಶಿಕಸಾಯ್, ನಿಶಿ ಅಂದ್ರೂ ಪಶ್ಚಿಮ. ಮಜಾ ಏನಂದ್ರೆ ಮೊದಲನೇ ಅಕ್ಷರ ನಿಶಿ, ಕೊನೇ ಅಕ್ಷರ ಸಾಯ್, ಆದ್ರೆ ಬರೆಯೋದು ಎರಡೂ ಕಡೆ ಒಂದೇ ಅಕ್ಷರ

ದೊಡ್ಡಪ್ಪ: ಒಂದೇ ಅಕ್ಷರವನ್ನು ಒಂದೇ ಪದದಲ್ಲಿ ಎರಡು ಥರ ಓದೋದು ಎಲ್ಲಾದ್ರೂ ಉಂಟಾ. ಇದು ನಂಬೋ ಮಾತಲ್ಲ

ನಾನು: ಉಂಟು. ನಾವು 5 ಅಂತ ಅಂಕಿ ಬರ್ದು ಒಂದು ಕಡೆ ಐದು ಅಂತ ಓದಿ ಇನ್ನೊಂದು ಕಡೆ ಪಂಚ ಅಂತ ಓದಿದ್ರೆ ಹೇಗೋ ಹಾಗೆ. ಐದು ನಮ್ಮ ಮನೆ ಪದ, ಪಂಚ ಸಂಸ್ಕೃತದ್ದು. ಅವ್ರು ಅಕ್ಷರ ತಂದಿದ್ದು ಚೀನಾದಿಂದ, ಅಕ್ಷರದ ಜೊತೆ ಚೀನೀ ಉಚ್ಚಾರನೂ ಬಂತು, ಅವರ ಸ್ವಂತ ಪದನೂ ಉಳೀತು. ನಿಶಿ ಅವರ ಸ್ವಂತ ಪದ, ಸಾಯ್ ಚೀನಾದಿಂದ ಬಂದ ಉಚ್ಚಾರ. ಊರಿನ ಹೆಸರಲ್ಲಿ ಎರಡೂ ಕಲೆತಿರುತ್ತೆ, ಅದಕ್ಕೆ ಜಪಾನಿನವರೇ ಗೊತ್ತಿಲ್ಲದ ಊರಿನ ಹೆಸರು ಓದೋಕೆ ತಡವರಿಸ್ತಾರೆ

ಚಿಕ್ಕಮ್ಮ: ಹಿರೋಶಿಮಾ ಅಂದ್ರೆ ಏನೇ ಪುಟ್ಟಿ

ನಾನು: ಹಿರೋ ಅಂದ್ರೆ ಅಗಲ, ಶಿಮ ಅಂದ್ರೆ ದ್ವೀಪ ಚಿಕ್ಕಮ್ಮ. ಹೊಳೆ ಕವಲೊಡೆದು ಸಮುದ್ರ ಸೇರೋ ಜಾಗ, ಅಲ್ಲಿ 1589ರಲ್ಲಿ ಕೋಟೆ ಕಟ್ಟೋಕೆ ಶುರು ಮಾಡಿದ್ರು. ಹೆಸರು ಬಹಳ ಇರೋದು ಹೀಗೇನೇ, ಸಾದಾ. ನಾಗಸಾಕಿ ಉದ್ದ ಭೂಶಿರ, ಓಸಕ ದೊಡ್ಡ ಏರು, ಓಂ ಸಖ ಅಲ್ಲ. ಶಿಬುಯಾದಲ್ಲಿರೋ ಯಾ ಅಂದ್ರೆ ಕಣಿವೆ, ನಿಜಕ್ಕೂ ಸ್ಟೇಷನ್ ತಗ್ಗಲ್ಲಿದೆ, ಯಾವ ಕಡೆಯಿಂದ ಬಂದ್ರೂ ಇಳೀಬೇಕು. ಬೆಟ್ಟ, ಹೊಳೆ, ಗದ್ದೆ, ಕೆರೆ, ಬಯಲು, ಸೇತುವೆ. ನಾವು ಹಳ್ಳಿ, ಕೆರೆ, ಕಟ್ಟೆ, ಗುಡ್ಡ, ಕೊಪ್ಪ ಅಂತ ಊರಿಗೆ ಹೆಸರಿಟ್ಟ ಹಾಗೇನೇ, ಕಣ್ಣಿಗೆ ಕಂಡಿದ್ದನ್ನ ಹೇಳಿದಾರೆ

ಅಣ್ಣ: ಹಾಗಾದ್ರೆ ನಾರಾ?

ನಾನು: ನರ, ಎರಡೂ ಹ್ರಸ್ವ. ಮಟ್ಟಸವಾದ ನೆಲ ಅನ್ನೋದು ಒಂದು ವಿವರಣೆ, ಕೊರಿಯಾದ ಭಾಷೇಲಿ ನರ ಅಂದ್ರೆ ನಾಡು, ಅದರಿಂದ ಬಂತು ಅನ್ನೋರೂ ಇದಾರೆ. ನಾರಾಯಣ ಅಂತ ಯಾರೂ ಹೇಳಲ್ಲ. 710ರಲ್ಲಿ ಅಲ್ಲಿ ರಾಜಧಾನಿ ಆಯ್ತು, ಮೂರು ವರ್ಷ ಆದ್ಮೇಲೆ 713ರಲ್ಲಿ ಗೆಮ್ಮೇ ಅನ್ನೋ ರಾಣಿ ಆಳ್ತಿದ್ದಾಗ ಒಂದು ಆಜ್ಞೆ ಹೊರಟಿತು, ಪ್ರಾಂತ, ಜಿಲ್ಲೆ, ಊರು ಎಲ್ಲದರ ಹೆಸರನ್ನೂ ಒಳ್ಳೇ ಅರ್ಥ ಬರೋ ಅಕ್ಷರದಲ್ಲಿ ಬರೀಬೇಕು ಅಂತ. ಎರಡೇ ಅಕ್ಷರದಲ್ಲಿ ಬರೆಯೋ ಪದ್ಧತಿ ಗಟ್ಟಿಯಾಗಿದ್ದು ಆವಾಗ್ಲೇ. ಇಜುಮಿ ಅಂದ್ರೆ ಬುಗ್ಗೆ, ನೀರಿನ ಚಿಲುಮೆ, ಅದಕ್ಕೆ ಒಂದೇ ಅಕ್ಷರ ಸಾಕು, ಆದ್ರೆ ಎರಡು ಬೇಕಲ್ಲ, ಮುಂದೆ ಶಾಂತಿ ಅಂತ ಅರ್ಥ ಬರೋ ಅಕ್ಷರ ಒಂದನ್ನ ಇಟ್ರು. ಇವತ್ತಿಗೂ ಅದನ್ನ ಬರೀತಾರೆ, ಓದಲ್ಲ

ಮಾವ: ಅಂದ್ರೆ ಅಕ್ಷರ ನೋಡಿ ಅರ್ಥ ಹೇಳಿದ್ರೂ ತಪ್ಪಾಗಬಹುದು

ನಾನು: ಹೌದು ಮಾವ ಅದೇ ಅದೇ. ಹಳೇ ಹೆಸರು ಮೊದಲು ಬಾಯಲ್ಲಿತ್ತು, ಅಕ್ಷರ ಆಮೇಲೆ ಹೊದ್ದಿಸಿದ್ದು. ಓಸಕ ಬರೆಯೋ ಅಕ್ಷರದಲ್ಲಿ ಮೊದಲು ಮಣ್ಣು ಅನ್ನೋ ಭಾಗ ಇತ್ತು, ಅದನ್ನ ಬಿಡಿಸಿ ಓದಿದ್ರೆ ಮಣ್ಣಿಗೆ ಮರಳೋದು ಅಂತ ಬರುತ್ತೆ, ಅಪಶಕುನ ಅಂತ ಬೇರೆ ಅಕ್ಷರ ತಂದ್ರು ಅಂತ ಹೇಳ್ತಾರೆ, ಈಗಿರೋದು ಅದು

ದೊಡ್ಡಪ್ಪ: ಇದೆಲ್ಲ ಸರಿ. ನೀನು ಆಗ ಶಿಮ ಅಂದೆ, ಟಿವಿಯಲ್ಲಿ ಇನ್ನೊಂದು ಕಡೆ ಮಿಯಾಜಿಮಾ ಅಂತ ಕೇಳಿದೀನಿ. ಯಾವುದು ಸರಿ

ನಾನು: ಎರಡೂ ಒಂದೇ ಪದ. ಪದ ಸೇರುವಾಗ ಮೆತ್ತಗಾಗುತ್ತೆ. ಕವ ಅಂದ್ರೆ ಹೊಳೆ, ನಮ್ಮ ವಾರ್ಡಿನ ಹೆಸರು ಎದೊಗವ. ತ ಅಂದ್ರೆ ಗದ್ದೆ, ಯಮ ಅಂದ್ರೆ ಬೆಟ್ಟ, ಸೇರಿದ್ರೆ ಯಮದ. ಹಶಿ ಅಂದ್ರೆ ಸೇತುವೆ, ನನ್ನ ಆಫೀಸ್ ಇರೋದು ನಿಹೊನ್‌ಬಶಿ

ದೊಡ್ಡಪ್ಪ: ನಿಲ್ಲು

ದೊಡ್ಡಪ್ಪ: ಕ ಗೆ ಗ, ತ ಗೆ ದ. ಇದು ಆದೇಶ ಸಂಧಿ

ದೊಡ್ಡಪ್ಪ: ಮಳೆ ಕಾಲ ಮಳೆಗಾಲ. ಬೆಟ್ಟ ತಾವರೆ ಬೆಟ್ಟದಾವರೆ. ಕಣ್ ಪನಿ ಕಂಬನಿ. ಕ ತ ಪ ಗಳಿಗೆ ಗ ದ ಬ ಆದೇಶ. ಆದರೆ ಅವರಲ್ಲಿ ಪ ಬದಲು ಹ ಗೆ ಬ ಬಂದಿದೆ, ಅದು ಹೊಂದೋದಿಲ್ಲ

ನಾನು: ದೊಡ್ಡಪ್ಪ ಹೊಂದುತ್ತೆ!! ಅವರ ಹ ಮೊದಲು ಪ ಆಗಿತ್ತು ಅಂತ ಭಾಷೆ ಓದಿದವರು ಹೇಳ್ತಾರೆ. ಪ ಹೋಗಿ ಹ ಆಯ್ತು, ಆದ್ರೆ ಸಂಧೀಲಿ ಹಳೇ ಪ ದಿಂದ ಆದ ಬ ಹಾಗೇ ಉಳೀತು

ದೊಡ್ಡಪ್ಪ: ಪಾಲು ಹಾಲು. ಪಳ್ಳಿ ಹಳ್ಳಿ. ಪನಿ ಹನಿ ಆಯಿತು, ಕಂಬನಿ ಮಾತ್ರ ಕಂಬನಿಯಾಗೇ ಉಳಿಯಿತು. ಅಲ್ಲೂ ಹಾಗೇ ಅಂತೀಯಾ

ನಾನು: ಹಾಗೇ. ಬಿಡಿಯಾಗಿ ಹಶಿ, ಸೇರಿದಾಗ ಬಶಿ. ನಂಗೆ ಇಷ್ಟು ವರ್ಷ ದಿನಾ ಆ ಸ್ಟೇಷನ್‌ನಲ್ಲಿ ಇಳಿದ್ರೂ ಕಂಬನಿ ನೆನಪಾಗಿರ್ಲಿಲ್ಲ

ಅತ್ತೆ: ಅಣ್ಣ ಫುಲ್ ಕ್ಲಾಸ್ ತಗೊಂಡ್ರು

ದೊಡ್ಡಪ್ಪ: ಎಲ್ಲಾ ಕಡೆ ಆಗುತ್ತಾ

ನಾನು: ಇಲ್ಲ, ಮಿಯಾಜಿಮ ಆಗುತ್ತೆ ಹಿರೋಶಿಮ ಆಗಲ್ಲ. ಮಿಯಾಜಾಕಿ ಆಗುತ್ತೆ ನಾಗಸಾಕಿ ಆಗಲ್ಲ

ದೊಡ್ಡಪ್ಪ: ನಮ್ಮಲ್ಲೂ ಎಲ್ಲ ಕಡೆ ಆಗೋದಿಲ್ಲ. ನೋಡಿದೆಯಾ ಹಾಗಾದರೆ, ಸಂಸ್ಕೃತ ಅಲ್ಲದಿದ್ದರೆ ಕನ್ನಡವೇ ಮೂಲ. ಫಾರ್ವರ್ಡ್ ಪೂರ್ತಿ ತಪ್ಪಲ್ಲ

ನಾನು: ಅಯ್ಯೋ ಇಲ್ಲ ದೊಡ್ಡಪ್ಪ. ದಯವಿಟ್ಟು ಅದನ್ನ ಹಾಗೆ ಬರ್ದು ಕಳಿಸ್ಬೇಡಿ. ಎರಡು ಬೇರೆ ಬೇರೆ ಭಾಷೇಲಿ ಬಾಯಿ ಒಂದೇ ಥರ ಕೆಲಸ ಮಾಡಿದೆ ಅಷ್ಟೆ. ಜಪಾನಿನ ಓನೊ ಸುಸುಮು ಅನ್ನೋ ವಿದ್ವಾಂಸರು ಜಪಾನೀ ಭಾಷೆಗೂ ತಮಿಳಿಗೂ ನಂಟಿದೆ ಅಂತ ವರ್ಷಗಟ್ಟಲೆ ಬರೆದ್ರು, ಬಹುಪಾಲು ಭಾಷಾ ವಿಜ್ಞಾನಿಗಳು ಒಪ್ಪಲಿಲ್ಲ. ಸಂಧಿ ಒಂದೇ ಥರ ಇದೆ ಅನ್ನೋದೇ ಎಷ್ಟು ಚೆಂದ ಇದೆ, ಅದರ ಮೇಲೆ ನಂಟಸ್ತಿಕೆ ಕಟ್ಟೋದು ಬೇಡ

ದೊಡ್ಡಪ್ಪ: ನಮ್ಮದು ಅಂದುಕೊಂಡರೆ ಯಾರಿಗೇನು ನಷ್ಟ?

ನಾನು: ನಷ್ಟ ಇದೆ ದೊಡ್ಡಪ್ಪ, ನಂಗೆ ಬೆಳಿಗ್ಗೆ ಸಿಟ್ಟು ಬಂದಿದ್ದು ಅದಕ್ಕೇ. ಫಾರ್ವರ್ಡ್‌ನಲ್ಲಿ ಸಪ್ಪೋರೋ ಸಪ್ತಪುರ ಅಂತಿದೆ. ಆ ಹೆಸರು ಜಪಾನಿನವರದೂ ಅಲ್ಲ. ಉತ್ತರದ ಆ ದ್ವೀಪದಲ್ಲಿ ಐನು ಅನ್ನೋ ಜನ ಇದ್ರು, ಅವರ ಭಾಷೆ ಪೂರಾ ಬೇರೆ. ಸತ್ ಪೊರೊ ಪೆತ್, ಒಣಗೋ ದೊಡ್ಡ ಹೊಳೆ, ಅದರಿಂದ ಸಪ್ಪೊರೊ ಆಯ್ತು ಅನ್ನೋದು ಒಂದು ವಿವರಣೆ. 1869ರಲ್ಲಿ ಸರ್ಕಾರ ದ್ವೀಪಕ್ಕೆ ಹೊಕ್ಕಾಯ್ದೊ ಅಂತ ಹೆಸರಿಟ್ಟು ಜಪಾನಿನ ಬೇರೆ ಕಡೆಯಿಂದ ಜನ ತಂದು ಕೂರಿಸಿದ್ರು, ಐನು ಮಕ್ಕಳು ಶಾಲೇಲಿ ಜಪಾನೀ ಕಲೀಬೇಕಾಯ್ತು, ಭಾಷೆ ಮನೆಗಳಿಂದ ಹೋಯ್ತು. ಊರಿನ ಹೆಸರು ಮಾತ್ರ ಉಳೀತು. ಐನು ಭಾಷೇಲಿ ಪೆತ್ ಅಂದ್ರೆ ಹೊಳೆ, ನಾಯ್ ಅಂದ್ರೆ ಹಳ್ಳ, ಅದಕ್ಕೆ ಅಲ್ಲಿ ಎಲ್ಲಿ ನೋಡಿದ್ರೂ ಬೆತ್ಸು, ನಾಯ್ ಅಂತ ಕೊನೆಯಾಗೋ ಊರುಗಳು. ವಕ್ಕನಾಯ್ ತಣ್ಣೀರಿನ ಹಳ್ಳ. ನೊಬೊರಿಬೆತ್ಸು ಬಿಸಿನೀರಿನ ಬುಗ್ಗೆ ಇರೋ ಊರು, ಐನು ಭಾಷೇಲಿ ಕದಡಿದ ಬಣ್ಣದ ಹೊಳೆ ಅಂತ, ಅದನ್ನ ಬರೆದಿರೋ ಅಕ್ಷರದ ಅರ್ಥ ನೋಡಿದ್ರೆ ಹತ್ತೋದು, ಬೇರೆಯಾಗೋದು ಅಂತ ಬರುತ್ತೆ, ಸಂಬಂಧನೇ ಇಲ್ಲ, ಬರೀ ಸದ್ದಿಗೆ ಇಟ್ಟಿದ್ದು. ನಾನು ಎರಡು ವರ್ಷದ ಹಿಂದೆ ಆ ಹೊಳೆ ನೋಡಿದೆ, ನಿಜವಾಗ್ಲೂ ಕದಡಿದ ಬಣ್ಣ, ಹಬೆ ಏಳ್ತಿತ್ತು. ಯಾರೋ ಯಾವತ್ತೋ ಅದನ್ನ ನೋಡಿ ಇಟ್ಟ ಹೆಸರು, ಅವರು ಅಲ್ಲಿದ್ರು ಅನ್ನೋದಕ್ಕೆ ಅದೇ ಸಾಕ್ಷಿ. ಅವ್ರನ್ನ ಮೂಲನಿವಾಸಿಗಳು ಅಂತ ಕಾನೂನಲ್ಲಿ ಬರೆದಿದ್ದು 2019ರಲ್ಲಿ ದೊಡ್ಡಪ್ಪ. ಅಷ್ಟು ತಡವಾಗಿ ಸಿಕ್ಕಿದ್ದನ್ನ ನಾವು ಒಂದು ಮೆಸೇಜಲ್ಲಿ ಸಪ್ತಪುರ ಅಂತ ಕಿತ್ಕೊಂಡ್ರೆ ಹೇಗೆ

(ಸ್ವಲ್ಪ ಹೊತ್ತು ಯಾರೂ ಏನೂ ಬರೆಯಲಿಲ್ಲ)

ಅತ್ತೆ: ಪಾಪ

ಮಾವ: ಅಲ್ಲೂ ಊರಿನ ಹೆಸರು ಬದಲಾಯ್ಸೋ ಗಲಾಟೆ ಇದೆಯಾ ನಮ್ಮಲ್ಲಿ ಇದ್ದಂಗೆ

ನಾನು: ಬೇಕಾದಷ್ಟು ಮಾವ. 1999ರಲ್ಲಿ ನಗರ, ಪಟ್ಟಣ, ಹಳ್ಳಿ ಆಡಳಿತ ಎಲ್ಲ ಸೇರಿ 3,232 ಇದ್ವು, ಒಂದಕ್ಕೊಂದು ಸೇರಿಸ್ತಾ 2010ಕ್ಕೆ 1,727 ಆಯ್ತು. ಸೇರಿಸಿದಾಗಲೆಲ್ಲ ಹೆಸರಿನ ಜಗಳ. ಒಂದು ಕಡೆ ವಿಮಾನ ನಿಲ್ದಾಣದ ಬ್ರಾಂಡ್ ಹೆಸರು ಸೇರಿಸಿ ಮಿನಮಿ ಸೆಂಟ್ರೇರ್ ಅಂತ ಇಡೋಕೆ ಹೊರಟ್ರು, ಜನ ಸಿಟ್ಟಾದ್ರು, 2005ರಲ್ಲಿ ಮತ ಹಾಕಿ ಎರಡೂ ಊರು ಸೇರೋದನ್ನೇ ಬೇಡ ಅಂದ್ರು. ಕೊರೊಮೊ ಅನ್ನೋ ಊರು 1959ರಲ್ಲಿ ಕಾರ್ ಕಂಪನಿ ಹೆಸರೇ ಇಟ್ಕೊಂಡು ಟೊಯೋಟ ಆಯ್ತು. ಓಮೊರಿ, ಕಮಾತ ಎರಡು ವಾರ್ಡ್ ಸೇರಿಸಿ ಅದರದೊಂದು ಅಕ್ಷರ ಇದರದೊಂದು ಅಕ್ಷರ ತಗೊಂಡು 1947ರಲ್ಲಿ ಓತ ಅಂತ ಮಾಡಿದ್ರು, ಅದಕ್ಕೆ ಅರ್ಥ ಹುಡುಕೋಕೆ ಹೋದ್ರೆ ದೊಡ್ಡ ಗದ್ದೆ ಅಂತ ಸಿಗುತ್ತೆ, ಆದ್ರೆ ಯಾರೂ ಆ ಗದ್ದೆ ನೋಡಿಟ್ಟ ಹೆಸರಲ್ಲ

ದೊಡ್ಡಪ್ಪ: ಹಾಗಾದರೆ ನಮ್ಮ ದೇಶದ್ದು ಅಂತ ಒಂದೂ ಇಲ್ಲವಾ ಅಲ್ಲಿ. ಒಂದಾದರೂ ಹೇಳಮ್ಮ

ನಾನು: ಇದೆ ದೊಡ್ಡಪ್ಪ, ನಿಜವಾದ್ದೇ ಇದೆ. ಕಿಚಿಜೋಜಿ ಅಂತ ಟೋಕ್ಯೋದಲ್ಲಿ ಒಂದು ಏರಿಯಾ. ಜಿ ಅಂದ್ರೆ ಬೌದ್ಧ ದೇವಸ್ಥಾನ, ಕಿಚಿಜೋ ಅನ್ನೋ ಎರಡು ಅಕ್ಷರಕ್ಕೆ ಮಂಗಳ, ಶ್ರೀ ಅಂತ ಅರ್ಥ. ಲಕ್ಷ್ಮಿ ಬೌದ್ಧ ಧರ್ಮದ ಜೊತೆ ಇಲ್ಲಿಗೆ ಬಂದು ಕಿಶ್ಶೋತೆನ್ ಆಗಿದಾಳೆ, ಅವಳ ಹೆಸರು ಶುರುವಾಗೋದೂ ಅದೇ ಎರಡು ಅಕ್ಷರದಿಂದ

ದೊಡ್ಡಪ್ಪ: ಲಕ್ಷ್ಮಿ ದೇವಸ್ಥಾನ ಇದೆಯಾ ಅಲ್ಲಿ

ನಾನು: ಅದೇ ಸ್ವಾರಸ್ಯ, ಆ ಹೆಸರಿನ ದೇವಸ್ಥಾನ ಆ ಏರಿಯಾದಲ್ಲಿ ಇಲ್ವೇ ಇಲ್ಲ. ಅದಿದ್ದಿದ್ದು ಹಳೇ ಎದೊ ಪಟ್ಟಣದಲ್ಲಿ, ಟೋಕ್ಯೋದ ಹಳೇ ಹೆಸರು ಎದೊ. 1657ರಲ್ಲಿ ಪಟ್ಟಣಕ್ಕೆ ದೊಡ್ಡ ಬೆಂಕಿ ಬಿತ್ತು, ಆ ದೇವಸ್ಥಾನದ ಮುಂದಿನ ಬೀದಿ ಜನ ಮನೆ ಕಳ್ಕೊಂಡ್ರು, ಅವ್ರನ್ನ ದೂರದ ಬಯಲಿಗೆ ಕಳಿಸಿದ್ರು, ಅವ್ರು ಹೊಸ ಊರಿಗೆ ಹಳೇ ದೇವಸ್ಥಾನದ ಹೆಸರೇ ಇಟ್ರು. ದೇವಸ್ಥಾನ ಬೇರೆ ಕಡೆ ಕಟ್ಕೊಂಡು ಅಲ್ಲೇ ಇದೆ. ಆದ್ರೆ ಕಿಚಿಜೋಜಿ ಹತ್ರ ಒಂದು ಕೆರೆ ಇದೆ, ಅಲ್ಲೇ ಬೆಂಜಾಯ್ತೆನ್ ಗುಡಿ, ಅದು ನಮ್ಮ ಸರಸ್ವತಿ, ಕೈಲಿ ವೀಣೆ ಥರದ್ದೇ ವಾದ್ಯ ಇರೋ ದೇವಿ. ನಾನು ಪ್ರತಿ ವರ್ಷ ನವರಾತ್ರಿಲಿ ಅಲ್ಲಿಗೆ ಹೋಗಿ ಬರ್ತೀನಿ

ಚಿಕ್ಕಮ್ಮ: ಮುಂದಿನ ಸಲ ವಿಡಿಯೋ ಕಾಲ್ ಮಾಡೇ ಅಲ್ಲಿಂದ

ದೊಡ್ಡಪ್ಪ: ಬೆಂಕಿಯಲ್ಲಿ ಮನೆ ಕಳೆದುಕೊಂಡವರು ಹೆಸರು ಹೊತ್ತುಕೊಂಡು ಹೋದರು

ದೊಡ್ಡಪ್ಪ: ವಾಕಿಂಗ್ ಗುಂಪಿಗೂ ಅದನ್ನ ಕಳಿಸಿದ್ದೆ. ತೆಗೆಯುತ್ತೇನೆ. ಆದರೆ ಕಂಬನಿ ವಿಷಯ ಅಲ್ಲಿ ನಾನೇ ಬರೆಯುತ್ತೇನೆ, ನೀನು ಓದಿ ತಪ್ಪಿದ್ದರೆ ಹೇಳು

ನಾನು: ಬರೀರಿ ದೊಡ್ಡಪ್ಪ. ನಂಟು ಅಂತ ಮಾತ್ರ ಬರೀಬೇಡಿ

ದೊಡ್ಡಪ್ಪ: ಬರೆಯೋದಿಲ್ಲ. ಆದರೆ ಆ ಎರಡು ಪಶ್ಚಿಮ ನಾನು ಇನ್ನೂ ನಂಬಿಲ್ಲ. ಬೋರ್ಡ್ ತೋರಿಸು

ನಾನು: ಹಾಲು ತರೋಕೆ ಹೊರಗಡೆ ಹೋಗ್ತಿದೀನಿ, ಇರಿ

ನಾನು: (ಫೋಟೋ) ಸ್ಟೇಷನ್ ಬಾಗಿಲ ಮೇಲಿಂದು. ಮೂರು ಅಕ್ಷರ ಇದೆ. ಮೇಲೊಂದು ಗೀಟು, ಕೆಳಗೆ ಪೆಟ್ಟಿಗೆ, ಪೆಟ್ಟಿಗೆ ಒಳಗೆ ಎರಡು ಕಾಲು, ಅದು ಪಶ್ಚಿಮ

ದೊಡ್ಡಪ್ಪ: ಝೂಮ್ ಮಾಡಿ ನೋಡಿದೆ. ಮೊದಲನೆಯದು, ಮೂರನೆಯದು. ಒಂದೇ ಅಕ್ಷರ. ನಡುವಿನದು ಯಾವುದು?