ಬಿಡಿಭಾಗಗಳ ಕಿಟ್‌ನಿಂದ ಜೋಡಿಸಿದ ಚೈನ್‌ಸಾ ಬಿಸಿಯಾದ ಮೇಲೆ ವೇಗ ಇಳಿಸುತ್ತಿಲ್ಲ: ಕಾರ್ಬುರೇಟರ್ ಬದಲಿಸಬೇಕೆ?

ಪ್ರಶ್ನೆ: ಮೂಡಿಗೆರೆ ಕಡೆಯ ಕಾಫಿ ಬೆಳೆಗಾರ

ಎಲ್ಲರಿಗೂ ನಮಸ್ಕಾರ. ಕಳೆದ ಮಳೆಗಾಲದ ಗಾಳಿಗೆ ನಮ್ಮ ತೋಟದಲ್ಲಿ ಬುಡಸಮೇತ ಉರುಳಿದ ಎರಡು ಹಲಸಿನ ಮರ ಮತ್ತು ಒಂದು ಅತ್ತಿ ಮರದ ಬೊಡ್ಡೆಗಳು ಇನ್ನೂ ಕಾಫಿ ಗಿಡಗಳ ನಡುವೆಯೇ ಬಿದ್ದಿವೆ. ಮರಗಸಿಗೆ (ನೆರಳಿನ ಮರಗಳ ಕೊಂಬೆ ಸವರಲು) ಬಳಸುವ ನಮ್ಮ ಸಣ್ಣ ಯಂತ್ರ ಆ ದಪ್ಪಕ್ಕೆ ಸಾಲದು, ಹೊಸ ದೊಡ್ಡ ಯಂತ್ರದ ಬೆಲೆ ನಮ್ಮ ಕೈಗೆ ಎಟುಕುವುದಿಲ್ಲ. ಹಾಗಾಗಿ ಸ್ಟಿಲ್ ಕಂಪನಿಯ ಎಂಎಸ್ 660 ಮಾದರಿಯ ಅಳತೆಗೆ ಬೇರೆ ತಯಾರಕರು ಮಾಡುವ ಬಿಡಿಭಾಗಗಳ ಪೂರ್ಣ ಕಿಟ್ ತರಿಸಿ, ಮೂರು ವಾರ ಸಂಜೆಯ ಹೊತ್ತು ಕುಳಿತು ಜೋಡಿಸಿದೆ. ಸಿಲಿಂಡರಿನ ವ್ಯಾಸ 54 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 40 ಮಿ.ಮೀ., ಅಂದರೆ 91.6 ಸಿಸಿ. ಬಾರ್ (ಚೈನ್ ಸುತ್ತುವ ಉದ್ದನೆಯ ಪಟ್ಟಿ) ಮತ್ತು ಚೈನ್ ಕಿಟ್‌ನಲ್ಲಿ ಇರಲಿಲ್ಲವಾದ್ದರಿಂದ 25 ಇಂಚಿನ ಬಾರ್ ಹಾಗೂ 84 ಡ್ರೈವ್ ಲಿಂಕ್‌ಗಳ (ಬಾರಿನ ತೋಡಿನಲ್ಲಿ ಓಡುವ ಕೊಂಡಿಗಳ) ಚೈನನ್ನು ಬೇರೆಯಾಗಿ ಕೊಂಡೆ.

ಸ್ಟಾರ್ಟ್ ಮಾಡುವ ಮೊದಲು ಸೈಲೆನ್ಸರ್ ಮತ್ತು ಕಾರ್ಬುರೇಟರ್ ಕೂರುವ ಬಾಯಿಗಳನ್ನು ಸೈಕಲ್ ಟ್ಯೂಬಿನ ರಬ್ಬರ್ ಇಟ್ಟು ಮುಚ್ಚಿ, ರಕ್ತದೊತ್ತಡ ನೋಡುವ ಹಳೆಯ ಉಪಕರಣದ ಬಲ್ಬಿನಿಂದ ಒಳಗೆ ಗಾಳಿ ತುಂಬಿದೆ. ಮುಳ್ಳು 300ರಲ್ಲಿ, ಅಂದರೆ ಸುಮಾರು 0.4 ಬಾರ್ (ಇದು ಒತ್ತಡದ ಅಳತೆ) ಒತ್ತಡದಲ್ಲಿ, ಒಂದು ನಿಮಿಷ ಅಲುಗಾಡದೆ ನಿಂತಿತು. ಅದನ್ನು ನೋಡಿ ಧೈರ್ಯದಿಂದಲೇ ಯಂತ್ರ ಚಾಲೂ ಮಾಡಿದೆ.

ತಣ್ಣಗಿರುವಾಗ ಯಾವ ತೊಂದರೆಯೂ ಇಲ್ಲ. ಹತ್ತು ನಿಮಿಷ ಓಡಿ ಬಿಸಿಯಾದ ಮೇಲೆ ಮಾತ್ರ, ಆಕ್ಸಿಲರೇಟರ್ ಬಿಟ್ಟ ನಂತರವೂ ವೇಗ ನಾಲ್ಕೈದು ಸೆಕೆಂಡು ಹಾಗೆಯೇ ನಿಲ್ಲುತ್ತದೆ ಮತ್ತು ಚೈನ್ ತಿರುಗುತ್ತಲೇ ಇರುತ್ತದೆ. ಕಾರ್ಬುರೇಟರಿನ ಎಲ್ ಸ್ಕ್ರೂವನ್ನು (ಕಡಿಮೆ ವೇಗದಲ್ಲಿ ಪೆಟ್ರೋಲಿನ ಪ್ರಮಾಣ ಹೊಂದಿಸುವುದು) ಕಾಲು ಸುತ್ತು ಬಿಚ್ಚಿದರೆ ಸ್ವಲ್ಪ ಹೊತ್ತು ಸರಿಹೋಗಿ ಮತ್ತೆ ಅದೇ ಕಥೆ. ಪೆಟ್ರೋಲಿಗೆ ಲೀಟರಿಗೆ 20 ಮಿ.ಲೀ. 2ಟಿ (ಟು-ಸ್ಟ್ರೋಕ್ ಎಂಜಿನ್ನಿನ) ಆಯಿಲ್ ಬೆರೆಸಿದ್ದೇನೆ. ಕಾರ್ಬುರೇಟರ್ ಕೆಟ್ಟಿರಬಹುದೇ? ಮೂಲ ಕಂಪನಿಯದನ್ನೇ ತಂದು ಹಾಕಲೇ?

ಉತ್ತರ 1: ಶಿವಮೊಗ್ಗದ ಮೆಕ್ಯಾನಿಕ್

ಸ್ವಾಮಿ, ದಯವಿಟ್ಟು ಈ ಕ್ಷಣದಿಂದ ಯಂತ್ರವನ್ನು ಓಡಿಸಬೇಡಿ. ಕಾರ್ಬುರೇಟರಿಗೂ ಈಗಲೇ ದುಡ್ಡು ಹಾಕಬೇಡಿ. ನೀವು ಬರೆದಿರುವ ಲಕ್ಷಣ, ಎಂಜಿನ್ ಎಲ್ಲಿಂದಲೋ ಕಳ್ಳಗಾಳಿ ಎಳೆದುಕೊಳ್ಳುತ್ತಿದೆ ಎಂಬುದನ್ನೇ ಹೇಳುತ್ತಿದೆ. ಟು-ಸ್ಟ್ರೋಕ್ ಎಂಜಿನ್ನಿನಲ್ಲಿ ಬೇರಿಂಗಿಗೂ ಪಿಸ್ಟನ್ನಿಗೂ ಸಿಗುವ ಎಣ್ಣೆ ಪೆಟ್ರೋಲಿನ ಜೊತೆಗೇ ಬರಬೇಕು. ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾದಾಗ ಬಿಸಿ ಏರುವುದರ ಜೊತೆಗೆ ಎಣ್ಣೆಯೂ ಕಡಿಮೆಯಾಗುತ್ತದೆ, ಪಿಸ್ಟನ್ ಸೀಜ್ ಆಗಲು (ಸಿಲಿಂಡರಿಗೆ ಕಚ್ಚಿಕೊಂಡು ನಿಲ್ಲಲು) ಹೆಚ್ಚು ಹೊತ್ತು ಬೇಡ. ಎಲ್ ಸ್ಕ್ರೂ ಬಿಚ್ಚಿ ಅದನ್ನು ಸರಿದೂಗಿಸುವುದು ಜ್ವರಕ್ಕೆ ಕಾರಣ ಹುಡುಕದೆ ಹಣೆಗೆ ಒದ್ದೆ ಬಟ್ಟೆ ಹಾಕಿದಂತೆ.

ಒತ್ತಡದ ಪರೀಕ್ಷೆ ಮಾಡಿದ್ದು ಒಳ್ಳೆಯದು, ಆದರೆ ಅದು ಅರ್ಧ ಪರೀಕ್ಷೆ ಮಾತ್ರ. ಕ್ರ್ಯಾಂಕಿನ (ಪಿಸ್ಟನ್ ತಿರುಗಿಸುವ ಶಾಫ್ಟಿನ) ಎರಡು ತುದಿಗಳಲ್ಲಿರುವ ಆಯಿಲ್ ಸೀಲುಗಳ (ಸೋರದಂತೆ ತಡೆಯುವ ಉಂಗುರಗಳ) ತುಟಿ ಒಳಮುಖವಾಗಿ ಇರುತ್ತದೆ. ಒಳಗೆ ಗಾಳಿ ತುಂಬಿದಾಗ ಆ ಒತ್ತಡವೇ ತುಟಿಯನ್ನು ಶಾಫ್ಟಿಗೆ ಅದುಮಿ ಹಿಡಿಯುವುದರಿಂದ, ಹರಿದ ಸೀಲು ಕೂಡ ಸೋರದಂತೆ ಕಾಣಬಹುದು. ಪಿಸ್ಟನ್ ಮೇಲೇರಿ ಕ್ರ್ಯಾಂಕ್‌ಕೇಸಿನಲ್ಲಿ (ಕ್ರ್ಯಾಂಕ್ ಇರುವ ಕೋಣೆಯಲ್ಲಿ) ನಿರ್ವಾತ ಉಂಟಾದಾಗ ಅದೇ ತುಟಿ ಶಾಫ್ಟಿನಿಂದ ಎದ್ದು ಗಾಳಿಗೆ ದಾರಿ ಬಿಡುತ್ತದೆ. ಹಾಗಾಗಿ ನಿರ್ವಾತದ ಪರೀಕ್ಷೆಯನ್ನೂ ಮಾಡಲೇಬೇಕು. ಕಾರಿನ ಬ್ರೇಕ್ ಬ್ಲೀಡ್ ಮಾಡಲು ಬಳಸುವ ಮೀಟರ್ ಇರುವ ಕೈಪಂಪು ಇದಕ್ಕೆ ಸಾಕು, ಊರಿನ ಗ್ಯಾರೇಜಿನಲ್ಲಿ ಕೇಳಿದರೆ ಅರ್ಧ ದಿನಕ್ಕೆ ಕೊಟ್ಟಾರು.

ಸ್ಪಾರ್ಕ್ ಪ್ಲಗ್ ಬಿಗಿಯಾಗಿರಲಿ. ಪಿಸ್ಟನ್ ಕೆಳಗಿರುವಂತೆ ನಿಲ್ಲಿಸಿ, ಆಗ ಸಿಲಿಂಡರೂ ಕ್ರ್ಯಾಂಕ್‌ಕೇಸೂ ಒಂದೇ ಕೋಣೆಯಾಗುವುದರಿಂದ ಡಿಕಂಪ್ರೆಶನ್ ವಾಲ್ವ್ (ಸ್ಟಾರ್ಟ್ ಮಾಡುವಾಗ ಸಿಲಿಂಡರಿನ ಒತ್ತಡ ಇಳಿಸುವ ಕವಾಟ) ಸೋರುತ್ತಿದ್ದರೆ ಅದೂ ಗೊತ್ತಾಗುತ್ತದೆ. 0.5 ಬಾರ್ ನಿರ್ವಾತ ಎಳೆದು ಅರ್ಧ ನಿಮಿಷವಾದರೂ ಮುಳ್ಳನ್ನು ನೋಡಿ, ಆಮೇಲೆ ಕ್ರ್ಯಾಂಕನ್ನು ನಿಧಾನವಾಗಿ ತಿರುಗಿಸುತ್ತಾ ಮತ್ತೊಮ್ಮೆ ನೋಡಿ. ನಿರ್ವಾತದಲ್ಲಿ ಸಾಬೂನಿನ ನೊರೆಯಿಂದ ಪ್ರಯೋಜನವಿಲ್ಲ. ಅನುಮಾನವಿರುವ ಜಾಗಕ್ಕೆ ದಪ್ಪ ಗ್ರೀಸ್ ಮೆತ್ತಿ, ಯಾವುದಕ್ಕೆ ಮೆತ್ತಿದಾಗ ಮುಳ್ಳು ನಿಲ್ಲುತ್ತದೆಯೋ ತಪ್ಪು ಅಲ್ಲಿದೆ ಎಂದು ತಿಳಿಯಿರಿ. ಕ್ಲಚ್ ಕಡೆಯ ಸೀಲು ನೋಡಬೇಕಾದರೆ ಕ್ಲಚ್ಚಿಗೆ ಎಡಮರೆ (ಉಲ್ಟಾ ತಿರುಪು) ಇರುತ್ತದೆ ಎಂಬುದನ್ನು ಮರೆಯಬೇಡಿ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ತಿರುಗಿಸಿದರೆ ಅದು ಬಿಚ್ಚಿಕೊಳ್ಳುತ್ತದೆ. ಸೈಲೆನ್ಸರ್ ತೆಗೆದಾಗ ಪಿಸ್ಟನ್ನಿನ ಆ ಬದಿಯನ್ನು ಟಾರ್ಚ್ ಹಾಕಿ ನೋಡಿ, ಉದ್ದುದ್ದ ಗೀರು ಬಿದ್ದಿದ್ದರೆ ಇಲ್ಲಿ ತಿಳಿಸಿ.

ಉತ್ತರ 2: ಕೊಡಗಿನ ಬೆಳೆಗಾರ

ಮೇಲಿನವರ ಮಾತಿಗೆ ನನ್ನ ಅನುಭವದಿಂದ ಎರಡು ವಿಷಯ ಸೇರಿಸುತ್ತೇನೆ. ನಾನು ಜೋಡಿಸಿದ ಕಿಟ್‌ನಲ್ಲಿ ಪಿಸ್ಟನ್ ಪಿನ್ನಿನ ಸರ್ಕ್ಲಿಪ್ (ಪಿನ್ ಜಾರದಂತೆ ಹಿಡಿಯುವ ಉಂಗುರ) ಒಂದು ಕಳಚಿ ಹೊಸ ಸಿಲಿಂಡರಿನ ಗೋಡೆಯನ್ನೇ ಉತ್ತಿತು, ಅಂದಿನಿಂದ ಆ ಎರಡು ಪುಟ್ಟ ಉಂಗುರಗಳನ್ನು ಮಾತ್ರ ಮೂಲ ಕಂಪನಿಯವೇ ಆಗಬೇಕೆಂದು ಹಟ ಹಿಡಿಯುತ್ತೇನೆ. ಅವುಗಳ ಬಾಯಿ ನೇರ ಮೇಲಕ್ಕೆ ಅಥವಾ ನೇರ ಕೆಳಕ್ಕೆ ಇರಬೇಕು, ಪಕ್ಕಕ್ಕೆ ಇದ್ದರೆ ಪಿಸ್ಟನ್ನಿನ ಏರಿಳಿತಕ್ಕೆ ಅವು ಕುಗ್ಗಿ ಹೊರಬರುತ್ತವೆ.

ಎರಡನೆಯದು ಪೆಟ್ರೋಲ್. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇರುವುದರಿಂದ, ಹಳೆಯ ಪೆಟ್ರೋಲಿಗೆ ಸರಿಯಿದ್ದ ಸ್ಕ್ರೂ ಅಳತೆಯಲ್ಲಿ ಎಂಜಿನ್ ಪೆಟ್ರೋಲ್ ಸಾಲದೆ ಒಣಗಿದಂತೆ ಓಡುತ್ತದೆ. ಸೋರಿಕೆ ಸರಿಪಡಿಸಿದ ಮೇಲೂ ಎಚ್ ಸ್ಕ್ರೂವನ್ನು (ಹೆಚ್ಚು ವೇಗದಲ್ಲಿ ಪೆಟ್ರೋಲಿನ ಪ್ರಮಾಣ ಹೊಂದಿಸುವುದು) ತುಸು ಹೆಚ್ಚೇ ಬಿಚ್ಚಿಡಬೇಕಾಗುತ್ತದೆ. ಮಲೆನಾಡಿನ ತೇವದಲ್ಲಿ ಎಥೆನಾಲ್ ನೀರು ಹೀರುವುದರಿಂದ, ಕೆಲಸ ಮುಗಿದ ಮೇಲೆ ಟ್ಯಾಂಕಿನಲ್ಲಿ ಪೆಟ್ರೋಲ್ ಉಳಿಸಬೇಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಮನಸಾರೆ ಕೃತಜ್ಞತೆಗಳು. ಪಂಪು ತಂದು 0.5 ಬಾರ್ ನಿರ್ವಾತ ಎಳೆದೆ, ಹತ್ತು ಸೆಕೆಂಡಿನೊಳಗೆ ಮುಳ್ಳು ಸೊನ್ನೆಗೆ ಬಂತು. ಒತ್ತಡದಲ್ಲಿ ನಿಮಿಷವಿಡೀ ನಿಂತಿದ್ದ ಅದೇ ಎಂಜಿನ್ ಇದು ಎಂದು ನಂಬಲು ಕಷ್ಟವಾಯಿತು. ಮ್ಯಾಗ್ನೆಟ್ (ಕ್ರ್ಯಾಂಕಿನ ಇನ್ನೊಂದು ತುದಿಯಲ್ಲಿರುವ ಚಕ್ರ) ಬಿಚ್ಚಿ ಆ ಕಡೆಯ ಸೀಲಿಗೆ ಗ್ರೀಸ್ ಮೆತ್ತಿ ನೋಡಿದಾಗ ಸೋರಿಕೆ ನಿಂತಿತು. ಸೀಲು ಕಿತ್ತು ನೋಡಿದರೆ ತುಟಿ ಒಂದು ಕಡೆ ಮಡಚಿ ಸೀಳಿತ್ತು. ಶಾಫ್ಟಿನಲ್ಲಿ ಕೀ ಕೂರುವ ತೋಡಿನ ಚೂಪಾದ ಅಂಚಿನ ಮೇಲೆ ಸೀಲನ್ನು ಹಾಗೆಯೇ ತಳ್ಳಿದ್ದೇ ಇದಕ್ಕೆ ಕಾರಣ, ಇದು ಕಿಟ್‌ನ ದೋಷವಲ್ಲ, ನನ್ನ ಅವಸರ. ಈ ಸಲ ಹಾಲಿನ ಪ್ಯಾಕೆಟ್ ಕತ್ತರಿಸಿ ಶಾಫ್ಟಿಗೆ ಸುತ್ತಿ, ಎಣ್ಣೆ ಸವರಿ, ಅದರ ಮೇಲಿಂದ ಹೊಸ ಸೀಲನ್ನು ಜಾರಿಸಿದೆ. ಈಗ ನಿರ್ವಾತ ಒಂದು ನಿಮಿಷ ಕದಲದೆ ನಿಲ್ಲುತ್ತದೆ. ಪಿಸ್ಟನ್ನಿನ ಮೇಲೆ ಉಗುರಿಗೆ ತಾಗದಷ್ಟು ತೆಳುವಾದ ಎರಡು ಗೆರೆಗಳಿವೆ. ಸರ್ಕ್ಲಿಪ್‌ಗಳನ್ನೂ ಬದಲಿಸಿದ್ದೇನೆ. ಇನ್ನು ಚಾಲೂ ಮಾಡಬಹುದೇ?

ಉತ್ತರ 1 ಬರೆದವರು

ಅಷ್ಟು ಗೆರೆಗೆ ಹೆದರಬೇಕಿಲ್ಲ, ಧಾರಾಳವಾಗಿ ಚಾಲೂ ಮಾಡಿ. ಮ್ಯಾಗ್ನೆಟ್ ಬಿಚ್ಚಿದ್ದೀರಾದ್ದರಿಂದ ಕಿಡಿ ಹುಟ್ಟಿಸುವ ಕಾಯಿಲ್‌ಗೂ ಮ್ಯಾಗ್ನೆಟ್ಟಿಗೂ ನಡುವೆ 0.2ರಿಂದ 0.3 ಮಿ.ಮೀ. ಅಂತರ ಇದೆಯೇ ಎಂದು ವಿಸಿಟಿಂಗ್ ಕಾರ್ಡ್ ತೂರಿಸಿ ನೋಡಿಕೊಳ್ಳಿ. ಎಚ್ ಮತ್ತು ಎಲ್ ಸ್ಕ್ರೂಗಳನ್ನು ಹಗುರವಾಗಿ ಮುಚ್ಚಿ ತಲಾ ಒಂದು ಸುತ್ತು ಬಿಚ್ಚಿ ಆರಂಭಿಸಿ. ಪೂರ್ತಿ ಆಕ್ಸಿಲರೇಟರಿನಲ್ಲಿ ಮರ ಮುಟ್ಟದಿರುವಾಗ ಶಬ್ದ ಒಡೆದೊಡೆದು ಬರಬೇಕು, ಮರಕ್ಕೆ ಇಟ್ಟ ಕೂಡಲೇ ಅದು ಸಾಫಾಗಬೇಕು. ಮೊದಲ ನಾಲ್ಕೈದು ಟ್ಯಾಂಕ್ ಮುಗಿಯುವವರೆಗೆ ಈ ಒಡಕು ಶಬ್ದವನ್ನು ಕಳೆದುಕೊಳ್ಳಬೇಡಿ. ಹಲಸಿನ ಬೊಡ್ಡೆಗೆ ಹೋಗುವ ಮುನ್ನ ಚೈನ್ ತಿರುಗುತ್ತಿರುವಾಗ ಎಡಗೈಯ ಮಣಿಕಟ್ಟಿನಿಂದ ಬ್ರೇಕನ್ನು ಮುಂದಕ್ಕೆ ತಳ್ಳಿ ನೋಡಿ. ಚೈನ್ ಆ ಕ್ಷಣವೇ ನಿಲ್ಲದಿದ್ದರೆ ಬ್ರೇಕ್ ಪಟ್ಟಿಯನ್ನೂ ಸ್ಪ್ರಿಂಗನ್ನೂ ಸರಿಪಡಿಸುವವರೆಗೆ ಯಂತ್ರವನ್ನು ತೋಟಕ್ಕೆ ಒಯ್ಯಬೇಡಿ.