1998ರ ಲಾರಿಗೆ ಎಂಜಿನ್ ಕೆಲಸ ಮಾಡಿಸಲೋ, ಸಾಲ ಮಾಡಿ ಹೊಸದು ತರಲೋ?

ಹದಿನೆಂಟು ಗಾಲಿ:
ಅಮೆರಿಕದಲ್ಲಿ ಸ್ವಂತ ಸೆಮಿ ಟ್ರಕ್ ಓಡಿಸ್ತಿರೋರು, ಓಡಿಸಿ ಬಿಟ್ಟೋರು ಹೇಳಬೇಕು. ನಂದು 1998ರ ಟ್ರಾಕ್ಟರ್, ಅಂದರೆ ಟ್ರೇಲರ್ ಎಳೆಯೋ ಲಾರಿ. ಎಂಜಿನ್ ಡೆಟ್ರಾಯಿಟ್ ಸೀರೀಸ್ 60, 12.7 ಲೀಟರ್. ಮೀಟರ್ 11 ಲಕ್ಷದ 40 ಸಾವಿರ ಮೈಲಿ ತೋರಿಸ್ತಿದೆ. 7 ಲಕ್ಷದ ಹತ್ತಿರ ಹಿಂದಿನ ಮಾಲೀಕರು ಲೈನರ್ (ಸಿಲಿಂಡರ್ ಒಳಗಿನ ಕೊಳವೆ), ಪಿಸ್ಟನ್ ಹಾಕಿಸಿದ ಬಿಲ್ ಇದೆ. ವರ್ಷಕ್ಕೆ 90 ಸಾವಿರ ಮೈಲಿ ಓಡಿಸ್ತೀನಿ, ಗ್ಯಾಲನ್‌ಗೆ 6 ಮೈಲಿ ಕೊಡುತ್ತೆ. ಕಂತು ಇಲ್ಲ, ಅದೇ ನನಗಿರೋ ನೆಮ್ಮದಿ. ಆದರೆ ಎರಡು ತಿಂಗಳಿಂದ ಕೂಲೆಂಟ್ ಕಮ್ಮಿ ಆಗ್ತಿದೆ, ಹೊರಗೆ ಎಲ್ಲೂ ಹನಿ ಕಾಣ್ಸಲ್ಲ. ಮೆಕ್ಯಾನಿಕ್ ಮತ್ತೆ ಎಂಜಿನ್ ಬಿಚ್ಚೋಣ ಅಂತಾರೆ. ಮನೆಯವರು ಹೊಸದು ತಗೊಳ್ಳಿ ಅಂತಾರೆ. ಎರಡು ರಾತ್ರಿಯಿಂದ ಇದೇ ಯೋಚನೆ.

ಗ್ರೀಸ್ ಕೈ:
ಮೊದಲು ಬಿಚ್ಚೋಕೆ ಬಿಡಬೇಡಿ. ನಾನು ಇಂಥದೇ ಎಂಜಿನ್ನಿನ 1997ರ ಗಾಡಿ ಹದಿಮೂರು ವರ್ಷ ಇಟ್ಟುಕೊಂಡಿದ್ದೆ. ಅದಾದಮೇಲೆ ಒಂದು ಹೊಸದು ತಗೊಂಡೆ, ಮಾರಿದೆ, ಈಗ ಮತ್ತೆ ಹಳೇದರಲ್ಲೇ ಇದ್ದೀನಿ. ಹಾಗಾಗಿ ಎರಡರ ನೋವೂ ಗೊತ್ತು.

ಕೂಲೆಂಟ್ ವಿಷಯ ಮೊದಲು. ಮುಂದಿನ ಸಲ ಆಯಿಲ್ ಬದಲಾಯಿಸುವಾಗ ಸ್ವಲ್ಪ ಆಯಿಲ್ ಲ್ಯಾಬಿಗೆ ಕಳಿಸಿ. ಸೋಡಿಯಂ, ಪೊಟ್ಯಾಶಿಯಂ ಏರಿದ್ದರೆ ಕೂಲೆಂಟ್ ಆಯಿಲಿಗೆ ಸೇರ್ತಿದೆ ಅಂತ. ಸೀಸ, ತಾಮ್ರ ಏರಿದ್ದರೆ ಬೇರಿಂಗ್ ಸವೀತಿದೆ. ಸಿಲಿಕಾನ್ ಅಂದರೆ ಸಾಮಾನ್ಯವಾಗಿ ಏರ್ ಫಿಲ್ಟರ್ ಕಡೆಯಿಂದ ಧೂಳು. ಒಂದೇ ರಿಪೋರ್ಟ್ ನೋಡಿ ತೀರ್ಮಾನ ಬೇಡ, ಎರಡು ಮೂರು ಸಾಲಾಗಿ ಇಟ್ಟು ನೋಡಿದರೆ ಏರ್ತಾ ಇದೆಯೋ ಇಲ್ಲವೋ ತಿಳಿಯುತ್ತೆ. ಜೊತೆಗೆ ಎಂಜಿನ್ ಕೆಳಗಿನ ಆಯಿಲ್ ಪ್ಯಾನ್ ಇಳಿಸಿ, ರೇಡಿಯೇಟರಿಗೆ ಪ್ರೆಶರ್ ಪಂಪ್ ಹಾಕಿ, ರಾತ್ರಿಯಿಡೀ ಹಾಗೇ ಬಿಡಿ. ಬೆಳಿಗ್ಗೆ ಲೈಟ್ ಹಿಡ್ಕೊಂಡು ಕೆಳಗೆ ಮಲಗಿ ನೋಡಿ. ಲೈನರ್ ಬುಡದ ರಬ್ಬರ್ ರಿಂಗ್ ಹೋಗಿದ್ದರೆ ಯಾವ ಸಿಲಿಂಡರ್ ಅಂತ ಹನಿಯೇ ತೋರಿಸುತ್ತೆ. ನನ್ನ ಗಾಡಿಯಲ್ಲಿ ಹೀಗೇ ನಾಲ್ಕನೇ ಸಿಲಿಂಡರ್ ಸಿಕ್ಕಿತು.

ಎಂಜಿನ್ನೇ ಹೋದರೂ ಹೆದರಬೇಡಿ. ಚಾಸಿಸ್‌ನಿಂದ ಇಳಿಸದೆ ಅಲ್ಲೇ ಮೇಲಿನ ಹೆಡ್ ತೆಗೆದು ಲೈನರ್, ಪಿಸ್ಟನ್, ರಿಂಗ್, ಬೇರಿಂಗ್ ಹೊಸದು ಹಾಕಬಹುದು, ಭಾಗಗಳೂ ಸಿಗ್ತವೆ. ನನಗೆ ಭಯ ಇರೋದು ಫ್ರೇಮಿನ ಬಗ್ಗೆ. ಚಳಿಗಾಲದಲ್ಲಿ ಉಪ್ಪು ಹಾಕಿದ ರಸ್ತೇಲಿ ಓಡಿದ ಗಾಡಿಯಾದರೆ, ಡಬಲ್ ಫ್ರೇಮಿನ ಎರಡು ಪಟ್ಟಿಗಳ ನಡುವೆ ತುಕ್ಕು ಬೆಳೆದು ಉಬ್ಬಿ ಅವನ್ನು ಬೇರೆ ಮಾಡುತ್ತೆ. ಅಡ್ಡಪಟ್ಟಿಗಳ ಬೋಲ್ಟು ಬಿರುಕು ಬಿಟ್ಟಿದೆಯಾ ನೋಡಿ. ಆಮೇಲೆ ವೈರಿಂಗ್. ಒಂದು ವೈರಿನ ತುದಿ ಸುಲಿದು ನೋಡಿ, ಒಳಗೆ ಹಸಿರು ಹಿಡಿದಿದ್ದರೆ ಆ ತಂತಿ ಮುಂದಕ್ಕೂ ಕೆಟ್ಟಿರುತ್ತೆ. ಫ್ರೇಮ್, ವೈರಿಂಗ್ ಎರಡೂ ಹೋಗಿದ್ದರೆ ಒಂದು ಡಾಲರ್ ಕೂಡ ಎಂಜಿನ್ನಿಗೆ ಸುರಿಯಬೇಡಿ.

ಹಳೇ ಗಾಡಿ ಇಟ್ಟುಕೊಳ್ಳೋರು ಮಾಡೋ ದೊಡ್ಡ ತಪ್ಪು, ಕಂತಿಲ್ಲ ಅಂತ ಆ ದುಡ್ಡನ್ನು ತಿಂದುಬಿಡೋದು. ನಾನು ಪ್ರತಿ ಮೈಲಿಗೆ ಇಷ್ಟು ಸೆಂಟ್ ಅಂತ ಬೇರೆ ಖಾತೆಗೆ ಹಾಕ್ತಿದ್ದೆ. ಮೊದಲ ಮೂರು ವರ್ಷ ಹಾಗೆ ಮಾಡಲಿಲ್ಲ. ಟರ್ಬೊ ಹೋದ ದಿನ ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದೆ, ಆ ಬಡ್ಡಿ ಕಂತಿಗಿಂತ ಹೆಚ್ಚು ನೋವು ಕೊಟ್ಟಿತು.

ಊರೂರು ಲೋಡು:
ಗ್ರೀಸ್ ಕೈ ಅಣ್ಣ ಹೇಳಿದ್ದು ಸರಿ, ಆದರೆ ಡೀಸೆಲ್ ಲೆಕ್ಕ ಬಿಟ್ಟಿದ್ದಾರೆ. 90 ಸಾವಿರ ಮೈಲಿಗೆ 6ರಂತೆ 15,000 ಗ್ಯಾಲನ್. ಈಗಿನ ಹೊಸ ಗಾಡಿ 8 ಕೊಟ್ಟರೆ 11,250. ವರ್ಷಕ್ಕೆ 3,750 ಗ್ಯಾಲನ್ ವ್ಯತ್ಯಾಸ. ಅದರಲ್ಲಿ ಹೊಗೆ ಶುದ್ಧ ಮಾಡೋ ಯೂರಿಯಾ ನೀರಿಗೆ, ಅಂದರೆ ಡಿಇಎಫ್‌ಗೆ, ಡೀಸೆಲ್ಲಿನ ಶೇ. 2-3ರಷ್ಟು ಕಳೀರಿ. ಉಳಿದಿದ್ದು ಕಂತಿನಲ್ಲಿ ಎಷ್ಟು ಭಾಗ ತೀರಿಸುತ್ತೆ ಅಂತ ನಿಮ್ಮ ಊರಿನ ಡೀಸೆಲ್ ದರ ಹಾಕಿ ನೋಡಿ.

ಇನ್ನೊಂದು, ಎಲ್ಲಿಗೆ ಲೋಡು? ಕ್ಯಾಲಿಫೋರ್ನಿಯಾದಲ್ಲಿ 2023ರ ಜನವರಿಯಿಂದ ಬಹುತೇಕ ಎಲ್ಲ ದೊಡ್ಡ ಡೀಸೆಲ್ ಲಾರಿಗೂ 2010 ಅಥವಾ ನಂತರದ ಎಂಜಿನ್ ಇರಲೇಬೇಕು. ಆ ದಾರಿ ನಿಮಗೆ ಮುಚ್ಚಿದೆ.

ಗ್ರೀಸ್ ಕೈ:
ಲೆಕ್ಕ ಒಪ್ಪಿದೆ. ಹೊಸ ಗಾಡಿಯ ಮೈಲೇಜ್ ನನಗೂ ಸಿಕ್ಕಿತ್ತು, ಇಲ್ಲ ಅನ್ನಲ್ಲ. ಆದರೆ ನಿಂತ ದಿನಗಳನ್ನೂ ಎಣಿಸಬೇಕು. 2007ರ ಹೊಗೆ ನಿಯಮದಿಂದ ಮಸಿ ಹಿಡಿಯೋ ಫಿಲ್ಟರ್, ಅಂದರೆ ಡಿಪಿಎಫ್, ಬಂತು, 2010ರದ್ದರಿಂದ ಡಿಇಎಫ್. ಮಸಿಯನ್ನು ಬಿಸಿ ಮಾಡಿ ಸುಡುತ್ತೆ, ಆಯಿಲಿನ ಬೂದಿ ಮಾತ್ರ ಒಳಗೇ ಉಳಿಯುತ್ತೆ, ಬಿಚ್ಚಿ ತೊಳೆಸಬೇಕು. ಉದ್ದದ ಹೈವೇಯಲ್ಲಿ ಓಡಿದರೆ ಚೆನ್ನಾಗಿ ಕೆಲಸ ಮಾಡುತ್ತೆ. ಊರೊಳಗೆ ನಿಂತು ನಿಂತು ಓಡಿದರೆ ಸೈಲೆನ್ಸರ್ ಬಿಸಿಯೇ ಆಗಲ್ಲ, ಕಟ್ಟಿಕೊಳ್ಳುತ್ತೆ. ಡಿಇಎಫ್ ಮೈನಸ್ 11 ಡಿಗ್ರಿ ಸೆಲ್ಸಿಯಸ್‌ಗೆ ಹೆಪ್ಪುಗಟ್ಟುತ್ತೆ, ಅದಕ್ಕೇ ಟ್ಯಾಂಕಿನಲ್ಲಿ ಹೀಟರ್. ನನ್ನ ಗಾಡಿಯಲ್ಲಿ ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡ್ ಅಳೆಯೋ ಒಂದು ನಾಕ್ಸ್ ಸೆನ್ಸರ್ ಕೆಟ್ಟು, ಲೋಡು ಹೊತ್ತ ಲಾರಿ ಗಂಟೆಗೆ 5 ಮೈಲಿಗೆ ಇಳಿಯಿತು. ವರ್ಕ್‌ಶಾಪ್‌ನಲ್ಲಿ ಒಂಬತ್ತು ದಿನ ಸರದಿ. ಕಂತಿನ ತಾರೀಖು ಮಾತ್ರ ನಿಲ್ಲಲಿಲ್ಲ. ಡಿಪಿಎಫ್ ಕಿತ್ತು ಹಾಕಿಸಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಅದು ಫೆಡರಲ್ ಕಾನೂನಿಗೆ ವಿರುದ್ಧ.

ಹೊಸದು ತಗೊಳ್ಳೋದೇ ಆದರೆ ವಾರಂಟಿ ಇರೋವಷ್ಟು ಕಾಲ ಇಟ್ಟುಕೊಳ್ಳಿ. ವಾರಂಟಿ ಮುಗಿದ, ಸಾಲ ಮುಗಿಯದ ಗಾಡಿ ಅತ್ಯಂತ ಕಷ್ಟ. ನಾನು ಸಿಕ್ಕಿಬಿದ್ದದ್ದು ಅಲ್ಲೇ.

ಚಳಿ ಹಾದಿ:
ನಿಮ್ಮದು 2000ಕ್ಕಿಂತ ಹಿಂದಿನ ಎಂಜಿನ್, ಓಡಿಸಿದ ಗಂಟೆ ದಾಖಲಿಸೋ ಎಲೆಕ್ಟ್ರಾನಿಕ್ ಲಾಗ್ ಬೇಕಿಲ್ಲ. ಕಾಗದದ ಲಾಗ್ ಬರೆಯಲೇಬೇಕು, ಗಂಟೆಗಳ ಮಿತಿಯೂ ಅದೇ. ಎಂಜಿನ್ ಮೇಲಿನ ಪ್ಲೇಟ್ ಫೋಟೋ ಕ್ಯಾಬಿನಲ್ಲಿ ಇಟ್ಟುಕೊಳ್ಳಿ, ರಸ್ತೆಯ ತಪಾಸಣೆಯಲ್ಲಿ ನನಗೆ ಎರಡು ಸಲ ಉಪಯೋಗಕ್ಕೆ ಬಂದಿದೆ.

ಹದಿನೆಂಟು ಗಾಲಿ:
ಎಲ್ಲರಿಗೂ ಧನ್ಯವಾದ. ಶನಿವಾರ ಪ್ಯಾನ್ ಇಳಿಸಿ ರಾತ್ರಿಯಿಡೀ ಪ್ರೆಶರ್ ಹಾಕಿ ಬಿಟ್ಟಿದ್ವಿ. ಎರಡನೇ ಸಿಲಿಂಡರ್ ಕೆಳಗೆ ಹನಿ ಇತ್ತು. ಫ್ರೇಮ್ ಸುತ್ತಿಗೆಯಲ್ಲಿ ತಟ್ಟಿ ನೋಡಿದೆ, ಎಲ್ಲೂ ಉಬ್ಬಿಲ್ಲ, ಹಿಂಬದಿಯ ಒಂದು ಅಡ್ಡಪಟ್ಟಿ ಬದಲಾಯಿಸಬೇಕು ಅಷ್ಟೇ. ವೈರಿಂಗ್‌ನಲ್ಲಿ ಎಡಗಡೆ ಟೈಲ್ ಲೈಟಿನದ್ದು ಹಸಿರು. ನನ್ನ ಲೋಡುಗಳು ಓಹಾಯೊ, ಇಂಡಿಯಾನಾ ಸುತ್ತಲೇ, ಕ್ಯಾಲಿಫೋರ್ನಿಯಾಕ್ಕೆ ಹೋಗಲ್ಲ. ಒಂದು ಸಿಲಿಂಡರ್ ಮಾತ್ರ ಮಾಡಿಸಲಾ, ಆರೂ ಒಟ್ಟಿಗಾ?

ಗ್ರೀಸ್ ಕೈ:
ಆರೂ. ಹೆಡ್ ಹೇಗೂ ಬಿಚ್ಚಲೇಬೇಕು, ಎಲ್ಲಾ ರಿಂಗಿಗೂ ಒಂದೇ ವಯಸ್ಸು.